ಗೆರೆಯ ಎರಡು ಅರ್ಥಗಳು

‘ಅರ್ಥ’ ಎಂಬ ಶಬ್ದವು ನಮ್ಮ ನುಡಿಯಲ್ಲಿ ತಾತ್ಪರ್ಯವನ್ನೂ ಧನವನ್ನೂ ಸೂಚಿಸುತ್ತದೆ. ಈ ಎರಡೂ ಒಂದೇ ಹಾಳೆಯ ಮೇಲೆ ನಿಂತು ಪರಸ್ಪರ ವಾದಿಸುವುದನ್ನು ನೋಡಬೇಕೆಂಬವರು ಅಮೆರಿಕದ ಚಿತ್ರಗಾರ ಕೀತ್ ಹೇರಿಂಗನ (1958–1990) ಮುದ್ರಿತ ಚಿತ್ರಗಳನ್ನು ನೋಡಬೇಕು. ಗ್ರಾಫಿಟಿ ಎಂದು ಹೆಸರಾದ ಬೀದಿಯ ಗೋಡೆಬರಹವನ್ನೂ, ಜಾಹೀರಾತು, ವ್ಯಂಗ್ಯಚಿತ್ರ ಮೊದಲಾದ ಜನಬಳಕೆಯ ರೂಪಗಳಿಂದ ಬೆಳೆದ ‘ಪಾಪ್’ ಕಲೆಯನ್ನೂ ಈತನು ಒಂದೇ ಗೆರೆಯಲ್ಲಿ ಕೂಡಿಸಿದನು.

1980ರಿಂದ 1985ರ ವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲುನಿಲ್ದಾಣಗಳೇ ಅವನ ಚಿತ್ರಶಾಲೆ. ಅವಧಿ ಮುಗಿದ ಜಾಹೀರಾತುಗಳನ್ನು ಮುಚ್ಚಲು ಅಲ್ಲಿ ಕರಿಯ ಕಾಗದವನ್ನು ಅಂಟಿಸುತ್ತಿದ್ದರು. ಅದರ ಮೇಲೆ ಬಿಳಿಯ ಸೀಮೆಸುಣ್ಣದಿಂದ ಬರೆಯುವುದು ಇವನ ಕೆಲಸ. ಕರಿಹಲಗೆಯ ಮುಂದೆ ಆಯುಷ್ಯ ಕಳೆಯುವ ಉಪಾಧ್ಯಾಯರಿಗೆ ಇದರ ಕಷ್ಟಸುಖಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತರಗತಿಯಲ್ಲಿ ಅಳಿಸಿ ತಿದ್ದಬಹುದು; ಅಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪೋಲೀಸರು ಬರುವ ಮೊದಲೇ ಮುಗಿಯಬೇಕು (ಅವನು ಹಲವು ಸಲ ಸೆರೆಸಿಕ್ಕಿದ್ದೂ ಉಂಟು), ರೈಲಿಗೆ ಓಡುವವನ ಕಣ್ಣಿಗೂ ಬೀಳಬೇಕು. ಅವಸರವೇ ಅವನ ಶೈಲಿಗೆ ಗುರುವಾಯಿತು. ಒಂದೇ ದಪ್ಪದ ಗೆರೆ, ನೆರಳು ಬೆಳಕುಗಳ ಗೊಡವೆ ಇಲ್ಲ. ಸುತ್ತಲೂ ಕಿರಣ ಚೆಲ್ಲುತ್ತ ಅಂಬೆಗಾಲಿಡುವ ಶಿಶು, ಬೊಗಳುವ ನಾಯಿ, ಕಣ್ಣುಮೂಗುಗಳಿಲ್ಲದೆ ಕುಣಿಯುವ ಮಾನವರು: ಇವೇ ಅವನ ವರ್ಣಮಾಲೆ. ‘ವರ್ಣಮಾಲೆ’ ಎಂಬುದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಅಕ್ಷರವನ್ನು ಯಾರು ಎಲ್ಲಿ ಬರೆದರೂ ಅದು ಅದೇ ಅಕ್ಷರವಾಗಿರುವಂತೆ, ಈ ಆಕೃತಿಗಳೂ ಪುನರಾವರ್ತನೆಯಿಂದ ಕೆಡುವುದಿಲ್ಲ. ನಾಯಿಯ ಪಕ್ಕಕ್ಕೆ ಶಿಶು ಬಂದರೆ ಒಂದು ವಾಕ್ಯ, ಗುಂಪು ಬಂದರೆ ಇನ್ನೊಂದು.

ಇಂಥ ಗೆರೆಯು ಮುದ್ರಣಕ್ಕಾಗಿಯೇ ಹುಟ್ಟಿದಂಥದು. ವಾಚಕರ ಕೈಯಲ್ಲಿರುವ ಈ ಹಾಳೆಯನ್ನೇ ನೋಡಬಹುದು. ಮೇಣದ ಕಾಗದದಲ್ಲಿ ಅಕ್ಷರ ಕೊರೆದ ಕಡೆ ಮಾತ್ರ ಮಸಿ ಇಳಿದು ನಮ್ಮ ಸೈಕ್ಲೋಸ್ಟೈಲ್ ಪುಟ ಮೂಡುತ್ತದೆ. ಹೇರಿಂಗನು ಬಳಸಿದ ರೇಷ್ಮೆತೆರೆಯ ಮುದ್ರಣವೂ ತತ್ತ್ವದಲ್ಲಿ ಇದರ ದಾಯಾದಿಯೇ: ಚೌಕಟ್ಟಿಗೆ ಬಿಗಿದ ಜಾಲರಿಬಟ್ಟೆ, ಬಣ್ಣ ಬೇಡದ ಕಡೆ ಮುಚ್ಚಿದ ರಂಧ್ರಗಳು, ರಬ್ಬರಿನ ಪಟ್ಟಿಯಿಂದ ಒತ್ತಿ ಇಳಿಸುವ ಬಣ್ಣ, ಒಂದೊಂದು ಬಣ್ಣಕ್ಕೆ ಒಂದೊಂದು ತೆರೆ. ಮೊದಲನೆಯ ಪ್ರತಿಗೂ ಕೊನೆಯ ಪ್ರತಿಗೂ ಕಣ್ಣಿಗೆ ಕಾಣುವ ಅಂತರವಿಲ್ಲ. ಹೀಗಿರುವಾಗ ಬೆಲೆಯು ಎಲ್ಲಿಂದ ಬರುತ್ತದೆ? ಇಂತಿಷ್ಟೇ ಪ್ರತಿಗಳೆಂದು ನಿಲ್ಲಿಸುವುದರಿಂದ. ಕೆಳಗಿನ ಅಂಚಿನಲ್ಲಿ ಸೀಸದಕಡ್ಡಿಯಿಂದ ಸಂಖ್ಯೆಯನ್ನೂ ಸಹಿಯನ್ನೂ ಹಾಕುವುದರಿಂದ. ಆ ಮೇಲೆ ಅಂಚು ಕತ್ತರಿಸಿಲ್ಲವೇ, ಬಣ್ಣ ಮಾಸಿಲ್ಲವೇ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಿಚಾರಣೆ. ಹೇರಿಂಗನ ಹೆಸರಿನ ಪ್ರತಿಷ್ಠಾನವು ಚಿತ್ರಗಳ ಸಾಚಾತನವನ್ನು ಪರೀಕ್ಷಿಸುತ್ತಿದ್ದ ತನ್ನ ಸಮಿತಿಯನ್ನು 2012ರಲ್ಲಿ ವಿಸರ್ಜಿಸಿದ್ದರಿಂದ ಈ ಕೊನೆಯ ಪ್ರಶ್ನೆಯು ಇನ್ನೂ ಬಿಗಿಯಾಗಿದೆ.

1986ರ ಏಪ್ರಿಲಿನಲ್ಲಿ ಹೇರಿಂಗನು ನ್ಯೂಯಾರ್ಕಿನಲ್ಲಿ ‘ಪಾಪ್ ಷಾಪ್’ ಎಂಬ ಅಂಗಡಿಯನ್ನೇ ತೆರೆದು ಅಂಗಿ, ಬಿಲ್ಲೆ, ಭಿತ್ತಿಪತ್ರಗಳನ್ನು ಸಾಮಾನ್ಯರಿಗೆ ಎಟಕುವ ಬೆಲೆಗೆ ಮಾರಿದನು. ಕಲೆಯನ್ನು ಸಂತೆಗಿಳಿಸಿದನೆಂದು ಕೆಲವರು ಹಳಿದರು. ನನಗೆ ಆ ಆಕ್ಷೇಪಣೆ ಅಷ್ಟಾಗಿ ಹಿಡಿಸದು. ಅಂಗಡಿಯಲ್ಲಿ ಗೆರೆಯು ತನ್ನ ಸ್ವಭಾವಕ್ಕೆ ತಕ್ಕಂತೆ ಹರಡಿತು. ಶಂಕೆ ಹುಟ್ಟುವುದು ಅದೇ ಹೆಸರಿನಲ್ಲಿ 1987ರಿಂದ ತಲಾ 200 ಪ್ರತಿಗಳಂತೆ ಸಹಿಮಾಡಿ ಹೊರಡಿಸಿದ ಮುದ್ರಿಕೆಗಳಲ್ಲಿ. ಬಣ್ಣಗಳು ಉಜ್ವಲವಾಗಿವೆ, ಕುಣಿತವೂ ಇದೆ. ಆದರೆ ನಿಲ್ದಾಣದ ಗದ್ದಲ, ಭಯ, ಅವಸರಗಳು ಹಿಂದೆ ಸರಿದು ಆಕೃತಿಗಳು ಲಾಂಛನಗಳಂತೆ ತಣ್ಣಗೆ ನಿಂತಿವೆ. ಸುಂದರವಾದ ಅಕ್ಷರಗಳಿವೆ, ವಾಕ್ಯವಿಲ್ಲ. ಇವನ್ನು ಪುಸ್ತಕದ ಪುಟದಲ್ಲಿ ಕಂಡು ತನ್ನ ಹಲಗೆಯ ಮೇಲೆ ಬರೆದುಕೊಂಡ ವಿದ್ಯಾರ್ಥಿಗೆ, ಸಹಿಯ ಪ್ರತಿಯನ್ನು ಕೊಂಡವನಿಗಿಂತ ದಕ್ಕದೆ ಉಳಿಯುವುದು ಬಣ್ಣದ ದಟ್ಟಣೆಯೊಂದೇ.

‘ಆಂಡಿ ಮೌಸ್’ (1986) ಎಂಬ ನಾಲ್ಕು ಮುದ್ರಿಕೆಗಳ ಮಾತೇ ಬೇರೆ. ಸಾರಿನ ಡಬ್ಬಿಗಳನ್ನೂ ಡಾಲರ್ ನೋಟುಗಳನ್ನೂ ಚಿತ್ರವಾಗಿಸಿ ಹೆಸರಾದ ಹಿರಿಯ ಕಲಾವಿದ ಆಂಡಿ ವಾರ್ಹಾಲನಿಗೆ ಡಿಸ್ನಿಯ ಮಿಕ್ಕಿ ಇಲಿಯ ಕಿವಿಗಳನ್ನಿಟ್ಟು, ಡಾಲರಿನ ಚಿಹ್ನೆಗಳ ನಡುವೆ ನಿಲ್ಲಿಸಿದ್ದಾನೆ. ಒಂದರಲ್ಲಂತೂ ಆ ಇಲಿಯ ಮುಖ ನೋಟಿನ ಮೇಲೆಯೇ ಅಚ್ಚಾಗಿದೆ. ಗುರುಭಕ್ತಿಯೋ ಪರಿಹಾಸವೋ ಎಂದು ಬಿಡಿಸಲಾಗದ ಈ ಮಿಶ್ರರಸವೇ ಅದರ ಸೊಗಸು. ತೆಗೆದದ್ದು 30 ಪ್ರತಿ, ಇಬ್ಬರೂ ಸಹಿಮಾಡಿದರು. ವಾರ್ಹಾಲನು 1987ರ ಫೆಬ್ರವರಿಯಲ್ಲಿ ತೀರಿಕೊಂಡನು. ಅಂಥ ಜೋಡಿ ಸಹಿ ಮತ್ತೆ ಸಾಧ್ಯವಾಗಲಿಲ್ಲ. ಪೂರ್ಣ ಸಂಪುಟವು ಹಲವು ಲಕ್ಷ ಡಾಲರುಗಳಿಗೆ ಹರಾಜಾಗುತ್ತದೆ. ಇಲ್ಲಿ ಬೆಲೆಯು ಚಿತ್ರಕ್ಕೆ ಹೊರಗಿನದೆನ್ನಲಾಗದು. ಹಣವೇ ವಸ್ತುವಾದ ಚಿತ್ರದಲ್ಲಿ ಸಹಿಯೂ ಸಂಖ್ಯೆಯೂ ನೋಟಿನ ಮೇಲಿನ ಸಹಿ ಸಂಖ್ಯೆಗಳಂತೆ ಅರ್ಥದ ಭಾಗವಾಗಿಯೇ ಬಿಡುತ್ತವೆ. ಹೇರಿಂಗನ ಮುದ್ರಿಕೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ.

ಏಡ್ಸ್ ರೋಗದಿಂದ 31ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅಂಗಡಿಯೂ 2005ರಲ್ಲಿ ಮುಚ್ಚಿತು. ಯಾರಿಗೂ ಮಾರದೆ ನಿಲ್ದಾಣದಲ್ಲಿ ಬಿಟ್ಟುಹೋದ ಸೀಮೆಸುಣ್ಣದ ಚಿತ್ರಗಳನ್ನು ಜನ ಆಗಲೇ ಕಿತ್ತೊಯ್ಯುತ್ತಿದ್ದರು. ಅಂಥ 31 ಚಿತ್ರಗಳು 2024ರ ನವೆಂಬರಿನಲ್ಲಿ ಸದಬೀಸ್ ಹರಾಜಿನಲ್ಲಿ ಒಟ್ಟು ಸುಮಾರು 92 ಲಕ್ಷ ಡಾಲರುಗಳಿಗೆ ಹೋದವು. 1982ರ ಜೂನ್ 12ರಂದು ನ್ಯೂಯಾರ್ಕಿನಲ್ಲಿ ಅಣ್ವಸ್ತ್ರಗಳ ವಿರುದ್ಧ ನಡೆದ ಮಹಾಸಭೆಯಲ್ಲಿ ಅವನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ 20,000 ಭಿತ್ತಿಪತ್ರಗಳನ್ನು ಪುಕ್ಕಟೆ ಹಂಚಿದ್ದನು. ಅವುಗಳಲ್ಲಿ ಉಳಿದವೂ ಈಗ ಸಂಗ್ರಾಹಕರ ಸರಕು. ಅಂದು ಕೈಯಲ್ಲಿ ಹಿಡಿದು ಮಡಚಿದ, ಗೋಡೆಗೆ ಮೊಳೆ ಹೊಡೆದು ತೂತಾದ ಪ್ರತಿಗೆ ಬೆಲೆ ಕಡಮೆ. ಯಾರೂ ಎತ್ತಿಹಿಡಿಯದೆ ಮಾಸದೆ ಉಳಿದದ್ದಕ್ಕೆ ಹೆಚ್ಚು.