ಕುದುರೆ ನೆಗೆಯುವ ತನಕ

ನವುಲೆಯ ಕಾಲೇಜೊಂದರಲ್ಲಿ ಕ್ವಿಜ್ ನಡೆಸಿಕೊಡಲು ಹೋಗಿದ್ದೆ. ವಿಡಿಯೊ ಗೇಮ್, ಸಿನಿಮಾ, ಸಂಗೀತ, ಸಾಹಿತ್ಯ ಎಲ್ಲ ಕಲಸಿದ ಕ್ವಿಜ್. ಊರಿನ ಅಭಿಮಾನಕ್ಕೊಂದು ಇರಲಿ ಎಂದು ನಾನೇ ಒಂದು ಪ್ರಶ್ನೆ ಸೇರಿಸಿದ್ದೆ: ಕನ್ನಡ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಹಿನ್ನೆಲೆ ಗಾಯಕ ಯಾರು? ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಬೇಕು. ನಾಲ್ಕು ತಂಡಗಳು ‘ಶಿವಮೊಗ್ಗ ಸುಬ್ಬಣ್ಣ’ ಎಂದು ಬರೆದವು. ಐದನೆಯ ತಂಡದ ಹುಡುಗಿ ಮಾತ್ರ ‘ಬಾಲಮುರಳಿಕೃಷ್ಣ’ ಎಂದು ಬರೆದಳು. ತಪ್ಪು ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು; ನಾನು ಆಗಲೇ ಮುಂದಿನ ಸುತ್ತಿಗೆ ಹೋಗಿದ್ದೆ.

ಮನೆಗೆ ಬಂದು ನೋಡಿದರೆ ತಪ್ಪು ನನ್ನದು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ 1975ರ ಸಾಲಿನ ಪ್ರಶಸ್ತಿ ಬಂದಿತ್ತು. ಸುಬ್ಬಣ್ಣನವರಿಗೆ ‘ಕಾಡು ಕುದುರೆ’ಯ ಹಾಡಿಗಾಗಿ ಬಂದದ್ದು 1978ರ ಸಾಲಿನದು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಗಾಯಕ ಸುಬ್ಬಣ್ಣ ಎಂಬುದು ಸರಿಯಾದ ಮಾತು. ಕನ್ನಡ ಚಿತ್ರದ ಮೂಲಕ ಪಡೆದ ಮೊದಲಿಗರು ಬಾಲಮುರಳಿ. ‘ಕನ್ನಡಿಗ’ ಇರಬೇಕಾದ ಕಡೆ ‘ಕನ್ನಡ ಚಿತ್ರ’ ಎಂದು ಬರೆದು ಒಂದು ತಂಡದ ಅಂಕ ಕಿತ್ತುಕೊಂಡಿದ್ದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಅಷ್ಟು ಜನ ತುಂಬಿದ್ದ ಆ ಸಭಾಂಗಣದಲ್ಲಿ, ನನ್ನನ್ನೂ ಸೇರಿಸಿ, ಯಾರೊಬ್ಬರೂ ‘ಹಾಡು ಹಾಕಿ’ ಅನ್ನಲಿಲ್ಲ. ‘ಮೊದಲಿಗರು’ ಎಂಬ ಸಂಗತಿಗೆ ಈ ಗುಣವಿದೆ. ಅದು ಗೊತ್ತಾದ ಮೇಲೆ ಹಾಡು ಬೇಕಾಗುವುದಿಲ್ಲ.

ಎಲ್ಲ ಸೋಜಿಗದ ಸಂಗತಿಗಳೂ ಹೀಗೆಂದು ನಾನು ಹೇಳಲಾರೆ. ಅದೇ ದಿನದ ವಿಡಿಯೊ ಗೇಮ್ ಸುತ್ತಿನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಇತ್ತು. 1985ರಲ್ಲಿ ಕೋಜಿ ಕೊಂಡೊ ಮಾಡಿದ ಅದರ ಸಂಗೀತವನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ಗೇಮ್ ಸಂಗೀತ. ಇದೂ ಒಂದು ‘ಮೊದಲು’, ಇದರಿಂದ ಕಿವಿಗೇನೂ ಆಗುವುದಿಲ್ಲ. ಆದರೆ ಇದನ್ನು ಕೇಳಿ: ಆ ಯಂತ್ರದಲ್ಲಿ ಒಮ್ಮೆಗೆ ನುಡಿಯಬಲ್ಲ ದನಿಗಳು ಬೆರಳೆಣಿಕೆಯಷ್ಟು. ಮಾರಿಯೊ ನೆಗೆದಾಗ ಬರುವ ‘ಟುಯ್’ ಸದ್ದಿಗೆ ಬೇರೆ ಜಾಗವಿಲ್ಲ. ಹಾಗಾಗಿ ಹಾಡಿನ ಒಂದು ದನಿ ಆ ಕ್ಷಣಕ್ಕೆ ಸುಮ್ಮನಾಗಿ ನೆಗೆತಕ್ಕೆ ದಾರಿ ಬಿಡುತ್ತದೆ. ಬೇಸಿಗೆ ರಜೆಯಲ್ಲಿ ಟಿವಿಗೆ ಕ್ಯಾಸೆಟ್ ಗೇಮ್ ಸಿಕ್ಕಿಸಿ ನೂರಾರು ಸಲ ನೆಗೆಸಿದವನಿಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಬೇರೆ ರೀತಿ ಕೇಳಲು ಆಗುತ್ತಲೇ ಇಲ್ಲ. ಇಂಥದೊಂದು ಸಂಗತಿ ಸುಬ್ಬಣ್ಣನವರ ಹಾಡಿಗೂ ಇರಬೇಕಲ್ಲ ಎಂದು ಆ ರಾತ್ರಿ ಹಾಡನ್ನು ಹಾಕಿಕೊಂಡು ಕೂತೆ.

‘ಕಾಡು ಕುದುರೆ’ ಚಂದ್ರಶೇಖರ ಕಂಬಾರರ ಚಿತ್ರ, ಕಂಬಾರರದೇ ಹಾಡು. ಭಾಷೆ ಬೆಳಗಾವಿ ಸೀಮೆಯದು. ನಮ್ಮ ‘ಹಾಗೆ’ ಅಲ್ಲಿ ‘ಹಾಂಗ’. ಹಾಡಿದವರು ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಮಲೆನಾಡಿಗರು, ವೃತ್ತಿಯಿಂದ ವಕೀಲರು, ಕುವೆಂಪು ಅಂಥವರ ಕವಿತೆಗಳನ್ನು ವೇದಿಕೆಯಲ್ಲಿ ಹಾಡುತ್ತಿದ್ದವರು. (ಪ್ರಶಸ್ತಿ ಪಟ್ಟಿಯಲ್ಲಿ ಅವರ ಹೆಸರಿನ ಹಿಂದಿರುವುದು ಇಂಗ್ಲಿಷಿನ ‘ಶಿಮೊಗ’, ಊರು ಅಧಿಕೃತವಾಗಿ ಶಿವಮೊಗ್ಗವಾದದ್ದು 2014ರಲ್ಲಿ.) ಘಟ್ಟದ ನಾಲಿಗೆ ಬಯಲುಸೀಮೆಯ ಮಾತನ್ನು ಹಾಡಿದೆ ಎಂಬುದು ನನಗೆ ಪ್ರಶಸ್ತಿಗಿಂತ ದೊಡ್ಡ ಸೋಜಿಗ.

ಮೊದಲ ಚರಣವನ್ನು ಗಮನಿಸಿ. ಊರಾಚೆಯ ದಾರಿ, ಮೂಡಣದ ಬೆಟ್ಟ, ಹುಟ್ಟುವ ಸೂರ್ಯ, ಕೊನೆಯಿಲ್ಲದ ಮುಗಿಲು, ಅಲ್ಲಿಂದ ಜಾರಿಬಿದ್ದ ಉಲ್ಕೆ — ಎಲ್ಲವೂ ಒಂದರ ಹಿಂದೊಂದು ಬರುತ್ತವೆ, ಕುದುರೆ ಮಾತ್ರ ಏನು ಮಾಡಿತು ಎಂದು ತಿಳಿಯುವುದಿಲ್ಲ. ಇಡೀ ಚರಣವೇ ಒಂದು ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದನ್ನು ವ್ಯಾಕರಣದ ಪಾಠದಲ್ಲಿ ಓದಿ ಮರೆತಿದ್ದೇವೆ. ಕಂಬಾರರು ಅದನ್ನೇ ಕುದುರೆಯ ಲಗಾಮು ಮಾಡಿಕೊಂಡಿದ್ದಾರೆ. ಕ್ರಿಯಾಪದ ಬಂದಾಗಲೇ ಅದು ಕಾಡಿನಿಂದ ನೆಗೆಯುವುದು. ಗಾಯಕ ಅಲ್ಲಿಯ ತನಕ ವಾಕ್ಯವನ್ನು ಕೆಳಗಿಡುವಂತಿಲ್ಲ. ನಡುವೆ ಎಲ್ಲಾದರೂ ಒಂದು ಸಾಲನ್ನು ಮುಗಿದಂತೆ ಹಾಡಿಬಿಟ್ಟರೆ ಉಳಿಯುವುದು ಬರೀ ಪ್ರಕೃತಿವರ್ಣನೆ. ಸುಬ್ಬಣ್ಣ ಒಂದನ್ನೂ ಮುಗಿಸುವುದಿಲ್ಲ. ಸಾಲಿನ ತುದಿಯನ್ನು ಮುಂದಿನ ಸಾಲಿಗೆ ಚಾಚಿಯೇ ಇರುತ್ತಾರೆ.

ಅವರದು ‘ಕಂಚಿನ ಕಂಠ’ ಎಂದು ಎಲ್ಲರೂ ಬರೆಯುತ್ತಾರೆ. 2022ರ ಆಗಸ್ಟ್ 11ರಂದು ಅವರು ತೀರಿಕೊಂಡಾಗಲೂ ಅದನ್ನೇ ಬರೆದರು. ಕಂಚಿಗೆ ಒಂದು ಏಟು ಸಾಕು, ಆಮೇಲೆ ತಾನೇ ಮೊಳಗುತ್ತದೆ. ಈ ದನಿ ಹಾಗೆ ಪುಕ್ಕಟೆ ಮೊಳಗುವುದಲ್ಲ, ಒಂದೊಂದು ಪದವನ್ನೂ ದುಡಿದು ಎತ್ತುವಂಥದು. ಒಂದು ತಕರಾರೂ ಇದೆ ನನಗೆ: ಉಚ್ಚಾರ ತುಸು ಹೆಚ್ಚೇ ಶುದ್ಧ. ಕಂಬಾರರು ತಮ್ಮ ಹಾಡನ್ನು ತಾವೇ ಹಾಡುವಾಗ ಕಟ್ಟೆಯ ಮೇಲೆ ಕೂತು ಕತೆ ಹೇಳುವ ಒರಟುತನವಿರುತ್ತದೆ. ಸುಬ್ಬಣ್ಣನವರಲ್ಲಿ ಭಾವಗೀತೆಯ ಗಾಯಕ ಅಕ್ಷರಗಳನ್ನು ಒರೆಸಿ ಜೋಡಿಸಿಟ್ಟಂತೆ ಕೇಳುತ್ತದೆ. ಆದರೆ ಆ ಉದ್ದ ವಾಕ್ಯ ಹೊಸಬರ ಕಿವಿಯಲ್ಲಿ ಕಲಸಿಹೋಗದೆ ಉಳಿದದ್ದು ಆ ಶುದ್ಧಿಯಿಂದಲೇ ಇರಬೇಕು.

ಮರುದಿನ ಸಂಘಟಕರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಬಹುಮಾನ ಆಗಲೇ ಬೇರೆಯವರ ಮನೆ ಸೇರಿತ್ತು. ಆ ಹುಡುಗಿಗೆ ತಿಳಿಸಿ ಎಂದೆ, ತಿಳಿಸಿದರಂತೆ. ‘ಹೌದು, ನನಗೆ ಗೊತ್ತಿತ್ತು’ ಅಂದಳಂತೆ. ಮುಂದಿನ ಸಲ ನವುಲೆಗೆ ಹೋಗುವಾಗ ಹಾಡನ್ನೇ ತೆಗೆದುಕೊಂಡು ಹೋಗುತ್ತೇನೆ. ಚರಣ ಮುಗಿಯುವ ತನಕ ಕೇಳಿಸಿ ಕೇಳಬೇಕೆಂದಿರುವ ಪ್ರಶ್ನೆ: ಇದರಲ್ಲಿ ಕ್ರಿಯಾಪದ ಎಲ್ಲಿದೆ?