ಮನೆ ಗೆದ್ದಾಯಿತು, ಮಾರು?

ಬಸ್ಸಿನಲ್ಲಿ ಬೀಡಿ ಹಚ್ಚಿದವನನ್ನು ಗದರಲು ಈಗ ಕಂಡಕ್ಟರೇ ಬರಬೇಕಿಲ್ಲ, ಪಕ್ಕದ ಸೀಟಿನ ಹೆಂಗಸೇ ಗದರಿ ಆರಿಸುತ್ತಾಳೆ. ಹಿಂದೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯತ್ತ ತಿರುಗುತ್ತಿದ್ದಳು. ಮದುವೆಮನೆಯಲ್ಲಿ ಎಲೆಅಡಿಕೆಯ ತಟ್ಟೆಯಲ್ಲೇ ಸಿಗರೇಟು ಇಟ್ಟು ಬೀಗರನ್ನು ಉಪಚರಿಸುತ್ತಿದ್ದ ಕಾಲವದು.

ಈ ಬದಲಾವಣೆಯ ಶ್ರೇಯಸ್ಸನ್ನು ಕಾನೂನಿಗೇ ಕೊಡುವವರಿದ್ದಾರೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದರ ವಿರುದ್ಧ 1999ರಲ್ಲಿ ಕೇರಳ ಹೈಕೋರ್ಟಿನ ತೀರ್ಪು, 2001ರಲ್ಲಿ ಮುರಳಿ ದೇವ್ರಾ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಆದೇಶ, 2003ರ ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯ್ದೆ, 2008ರ ಗಾಂಧಿ ಜಯಂತಿಯಿಂದ ಕಚೇರಿಗಳನ್ನೂ ಒಳಗೊಂಡ ನಿಯಮ. ಹಾದಿ ದೊಡ್ಡದೇ. ಆದರೆ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಈ ವಾದ ನಿಲ್ಲುವುದಿಲ್ಲ. 2009-10ರಲ್ಲಿ ದೇಶದ ಶೇ 52ರಷ್ಟು ವಯಸ್ಕರು ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು. 2016-17ರ ಹೊತ್ತಿಗೆ ಅದು ಶೇ 39ಕ್ಕೆ ಇಳಿಯಿತು. ಒಳಾಂಗಣದ ಕೆಲಸದ ಜಾಗಗಳಲ್ಲಿ ಮಾತ್ರ ಎರಡೂ ಸಲ ಶೇ 30ರ ಆಸುಪಾಸು.

ಕಾನೂನು ಕಾಲಿಡದ ಮನೆಯಲ್ಲಿ ಹೊಗೆ ತಗ್ಗಿತು, ದಂಡದ ಫಲಕ ತೂಗುಹಾಕಿದ ಕಡೆ ಕದಲಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಪಟ್ಟು ಹಿಡಿದರು, ಸೇದುವವನು ಹೊಸ್ತಿಲಾಚೆ ಹೋದ. ಕೆಲಸದ ಜಾಗದಲ್ಲಿ ಮೇಲಿನವರಿಗೆ ‘ಆಚೆ ಹೋಗಿ ಸೇದಿ’ ಎನ್ನುವ ಧೈರ್ಯ ಯಾರಿಗಿದೆ? ಆ ಧೈರ್ಯವನ್ನು ಕಾನೂನೇ ತುಂಬಬೇಕಿತ್ತು.

ಕೋಟ್ಪಾ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2025ರಲ್ಲಿ ಬಂತು. ದಂಡ 200 ರೂಪಾಯಿಯಿಂದ 1,000ಕ್ಕೆ ಏರಿತು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21 ಆಯಿತು, ಹುಕ್ಕಾ ಬಾರ್ ನಡೆಸಿದರೆ ಜೈಲು. ವಯಸ್ಸಿನ ಮಿತಿ ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಬಿಡಿ ಸಿಗರೇಟಿನ ಮಾರಾಟವನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ. ಇಂದಿಗೂ ಗೂಡಂಗಡಿಯ ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರ್ ತೂಗಾಡುತ್ತದೆ, ಪಕ್ಕದಲ್ಲೇ ಬಾಯಿ ತೆರೆದ ಪ್ಯಾಕು. ಶೇ 85ರಷ್ಟು ಜಾಗ ತುಂಬಿದ ಎಚ್ಚರಿಕೆಯ ಚಿತ್ರ ಬಿಡಿಯಾಗಿ ಕೊಳ್ಳುವವನ ಕೈ ಸೇರುವುದೇ ಇಲ್ಲ.

ಇನ್ನೂ ದೊಡ್ಡ ಲೋಪವೆಂದರೆ ವಿನಾಯಿತಿ. 30 ಕೊಠಡಿಗಳ ಹೋಟೆಲು, 30 ಆಸನಗಳ ರೆಸ್ಟೋರೆಂಟು, ವಿಮಾನ ನಿಲ್ದಾಣ ಇವು ಸೇದುವವರಿಗೆ ಪ್ರತ್ಯೇಕ ಜಾಗ ಇಡಬಹುದು. ಅಲ್ಲಿ ಕಸ ಬಳಿಯಲು ಹೋಗುವ ನೌಕರನ ಶ್ವಾಸಕೋಶ ಶಾಸಕರ ಕಣ್ಣಿಗೆ ಬಿದ್ದಿಲ್ಲ. ಐರ್ಲೆಂಡ್ 2004ರ ಮಾರ್ಚ್‌ನಲ್ಲಿ ಪಬ್ಬುಗಳನ್ನೂ ಸೇರಿಸಿ ನಿಷೇಧ ತಂದದ್ದು ಅಲ್ಲಿ ದುಡಿಯುವವರ ಆರೋಗ್ಯಕ್ಕಾಗಿ. ಇಲ್ಲಿಯೂ ಮುಂದಿನ ತಿದ್ದುಪಡಿ ಅಲ್ಲಿಂದಲೇ ಶುರುವಾಗಬೇಕು.