ಸಾಲದ ಲೆಕ್ಕ, ಮಾಟದ ಮಾತು

ನಮ್ಮ ಸಮಾಜಶಾಸ್ತ್ರದ ಪಿಎಚ್.ಡಿ. ಪ್ರಬಂಧಗಳಲ್ಲಿ ‘ಮಿಶ್ರ ವಿಧಾನ’ ಎಂಬುದೀಗ ಒಂದು ಠಸ್ಸೆಯಂತಾಗಿದೆ. ಒಂದು ಅಧ್ಯಾಯದ ತುಂಬ ಕೋಷ್ಟಕಗಳು, ಮುಂದಿನದರಲ್ಲಿ ಸಂದರ್ಶನದ ತುಣುಕುಗಳು. ಶೇಕಡಾವಾರು ಆಗಲೇ ಹೇಳಿದ್ದನ್ನು ಯಾರೋ ಒಬ್ಬ ಅಜ್ಜಿ ತನ್ನ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತಾಳೆ, ಅಷ್ಟೆ. ಅಂಕಿ ಮತ್ತು ಮಾತು ಅಕ್ಕಪಕ್ಕ ಕೂತಿರುತ್ತವೆ, ಒಂದನ್ನೊಂದು ಮಾತಾಡಿಸುವುದಿಲ್ಲ.

ಇವೆರಡನ್ನೂ ಜಗಳಕ್ಕೆ ಬಿಟ್ಟ ಕೃತಿಯೊಂದು ಮಂಡ್ಯದ ನೆಲದಲ್ಲೇ ಹುಟ್ಟಿದೆ. ವಿಯೆನ್ನಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಓದಿದ್ದು ಅರ್ಥಶಾಸ್ತ್ರ, ಆಮೇಲೆ ಹೊರಳಿದ್ದು ಮಾನವಶಾಸ್ತ್ರಕ್ಕೆ. 1950ರ ದಶಕದ ಮಧ್ಯದಲ್ಲಿ ಆಕೆ ಎರಡು ಹಳ್ಳಿಗಳಲ್ಲಿದ್ದು ಮನೆಮನೆಯ ಖರ್ಚುವೆಚ್ಚ, ಇಳುವರಿ, ಸಾಲಗಳನ್ನು ಎಣಿಸಿದರು. 1962ರಲ್ಲಿ ಬಂದ ಪುಸ್ತಕದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂಬ ಬದಲಿ ಹೆಸರು. ವಂಗಲಕ್ಕೆ ನಾಲೆ ನೀರು ಬಂತು. ದಲೇನದ ಹೊಲಗಳು ಎತ್ತರದಲ್ಲಿದ್ದವು, ಬರಲಿಲ್ಲ. ನೀರು ಬಂದಲ್ಲಿ ಎಲ್ಲವೂ ಬದಲಾಗಿರಬೇಕು ಎಂದುಕೊಳ್ಳುತ್ತೇವೆ. ಆದದ್ದು ತಿರುಗುಮುರುಗು. ವಂಗಲದವರು ಕಬ್ಬು, ಭತ್ತ ಬೆಳೆದು ಉಳ್ಳವರಾದರೂ ಹಳೆಯ ಕಟ್ಟುಕಟ್ಟಳೆ ಹಾಗೇ ನಿಂತಿತು. ದಲೇನದವರು ಹೊಟ್ಟೆಪಾಡಿಗೆ ಮಂಡ್ಯದ ದಾರಿ ಹಿಡಿದರು. ಅಲ್ಲಿ ಹಳೆಯ ಸಂಬಂಧಗಳು ಸಡಿಲಗೊಂಡವು. ಆದಾಯದ ಪಟ್ಟಿಯೊಂದನ್ನೇ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ವಂಗಲದ ಮಾಟದ ನಂಬಿಕೆ ಕುರಿತು ಆಕೆ ಬರೆದ ಸಣ್ಣ ಲೇಖನ. ಊರಲ್ಲಿ ಮಾಟಗಾತಿ ಎಂಬ ಗುಸುಗುಸು ಯಾರ ಮೇಲೆ? ಕೈಯಲ್ಲಿ ಕಾಸಾಡತೊಡಗಿದ ಮೇಲೆ ಬಡ್ಡಿಗೆ ಸಾಲ ಕೊಡುತ್ತಿದ್ದ ಒಕ್ಕಲಿಗ ಹೆಂಗಸರ ಮೇಲೆ. ಗುಸುಗುಸು ಮಾತ್ರ ಕೇಳಿಸಿಕೊಂಡವರು ಮೂಢನಂಬಿಕೆ ಎಂದು ಬರೆದು ಮುಗಿಸುತ್ತಿದ್ದರು. ಸಾಲ ಮಾತ್ರ ಎಣಿಸಿದವರಿಗೆ ಆ ಹೆಂಗಸು ಪಟ್ಟಿಯ ಒಂದು ಸಾಲು. ಎರಡನ್ನೂ ಒಟ್ಟಿಗೆ ಹಿಡಿದಾಗ, ಹೆಣ್ಣು ಸಾಲಗಾರ್ತಿಯನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದ ಊರಿನ ದಿಗಿಲು ಎದ್ದು ಕಾಣುತ್ತದೆ.

ಆದರೆ ಹಳೇಮಕ್ಕಳ ವಿಷಯದಲ್ಲಿ ನನಗೆ ತಕರಾರಿದೆ. ಒಕ್ಕಲು ಮನೆಗೆ ವಂಶಪಾರಂಪರ್ಯವಾಗಿ ದುಡಿಯುವ ಆದಿಕರ್ನಾಟಕ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿದ ಕಾಳು. ಮಳೆ ಬಂದರೂ ಅಷ್ಟೇ, ಕೈಕೊಟ್ಟರೂ ಅಷ್ಟೇ. ಬರದ ವರ್ಷ ಇದ್ದುದು ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ, ಒಳ್ಳೆ ವರ್ಷದ ಹೆಚ್ಚುವರಿ ಒಕ್ಕಲಿಗನಿಗೆ ಉಳಿಯುತ್ತದೆ ಎಂಬುದು ಎಪ್‌ಸ್ಟೀನ್ ವಾದ. ಲೆಕ್ಕ ಚೊಕ್ಕವಾಗಿದೆ, ಅದೇ ಅನುಮಾನಕ್ಕೆ ಕಾರಣ. ಕರೆದಾಗಲೆಲ್ಲ ಬಂದು ನಿಲ್ಲಬೇಕಾದ ಆಳಿನ ಮೈಬೆವರು, ಅವಮಾನ ಕೊಳಗದಲ್ಲಿ ಅಳೆಯುವಂಥದ್ದಲ್ಲ. ಮಾಟದ ಲೇಖನದಲ್ಲಿ ಅಂಕಿಯನ್ನು ಕೆಣಕಿದ ಮಾತು ಇಲ್ಲಿ ತೆಪ್ಪಗಿದೆ. ದಲೇನದಲ್ಲಿ ಆ ಕಾಳಿನ ಭದ್ರತೆ ಕೈತಪ್ಪಿದಾಗ ಹಳೇಮಗ ಕಳವಳಪಟ್ಟನೇ, ಉಸಿರಾಡಿದನೇ? ಈ ಪ್ರಶ್ನೆಯನ್ನು ಕೇಳಬೇಕಾದದ್ದು ಕೇರಿಯಲ್ಲಿ, ಕಣದಲ್ಲಲ್ಲ.